ಭೈರೋಂಸಿಂಗರನ್ನು ಯಾಕೆ ಸಾಯಿಸಿದರು?

1971ರ ಭಾರತ-ಪಾಕಿಸ್ತಾನ ಯುದ್ಧದ ಕಥೆಯ ‘ಬಾರ್ಡರ್’ ಸಿನಿಮಾದ ಕೊನೆಯ ಹಾಡು ಕೇಳಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಆ ಹಾಡಿಗೆ ಮುಂಚೆ ನಡೆಯುವುದರ ಬಗ್ಗೆ ಮಾತ್ರ ದೊಡ್ಡ ತಕರಾರಿದೆ. ನೌಕರಿ ಅಂತ ಜೋಧಪುರಕ್ಕೆ ಬಂದು ನೆಲೆಸಿದ ಮೇಲೆ ಅದು ಇನ್ನೂ ಬಲಿತಿದೆ. ಸಿನಿಮಾದಲ್ಲಿ ಸಾಯುವವರಲ್ಲಿ ಒಬ್ಬರು ಇದೇ ಜೋಧಪುರ ಜಿಲ್ಲೆಯವರು. ಅವರು ಆ ಯುದ್ಧದಲ್ಲಿ ಸತ್ತೇ ಇರಲಿಲ್ಲ.

1971ರ ಡಿಸೆಂಬರ್ 4ರ ರಾತ್ರಿ ಜೈಸಲ್ಮೇರ್ ಗಡಿಯ ಲೋಂಗೇವಾಲಾ ಠಾಣೆಯತ್ತ ಪಾಕಿಸ್ತಾನದ ಟ್ಯಾಂಕುಗಳು ಬಂದವು. ಅಲ್ಲಿದ್ದವರು ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಕೈಕೆಳಗಿನ ಸುಮಾರು 120 ಮಂದಿ, 23ನೇ ಪಂಜಾಬ್ ಪಲ್ಟಣದವರು. ಜೊತೆಗೆ ಗಡಿ ಭದ್ರತಾ ಪಡೆಯ ಕೆಲವರು. ನಮ್ಮ ವಾಯುಪಡೆಯ ಹಂಟರ್ ವಿಮಾನಗಳು ರಾತ್ರಿ ಹೊತ್ತು ದಾಳಿ ಮಾಡುವಂತಿರಲಿಲ್ಲ. ಹಾಗಾಗಿ ಬೆಳಕು ಹರಿಯುವ ತನಕ ಠಾಣೆಯವರೇ ತಡೆದು ನಿಂತರು. ಬೆಳಿಗ್ಗೆ ವಿಮಾನಗಳು ಬಂದು ಮರಳಿನಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಸುಟ್ಟವು. ಇಷ್ಟೆಲ್ಲ ಆದರೂ ಠಾಣೆಯಲ್ಲಿ ತೀರಿಕೊಂಡ ನಮ್ಮವರು ಇಬ್ಬರು.

1997ರಲ್ಲಿ ಬಂದ ಸಿನಿಮಾ ನೋಡಿದರೆ ಹಾಗನಿಸುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಬೀಳುತ್ತಾರೆ. ಅಕ್ಷಯ್ ಖನ್ನಾ ಮಾಡಿದ ಲೆಫ್ಟಿನೆಂಟ್ ಧರಮವೀರ್ ಸಾಯುತ್ತಾನೆ. ನಿಜವಾದ ಧರಮವೀರ್ ಬದುಕಿ ಉಳಿದು ಕರ್ನಲ್ ಆದರು. ಸುನೀಲ್ ಶೆಟ್ಟಿ ಮಾಡಿದ ಭೈರೋಂಸಿಂಗ್ ಟ್ಯಾಂಕ್ ಒಡೆಯುವ ಮೈನ್ ಹಿಡಿದು ಓಡಿ ಪ್ರಾಣ ಕೊಡುತ್ತಾನೆ. ನಿಜವಾದ ಭೈರೋಂಸಿಂಗ್ ರಾಠೋಡ್ ಸೇನಾ ಪದಕ ಪಡೆದು, ನೌಕರಿ ಮುಗಿಸಿ, ಶೇರಗಢ ಕಡೆಯ ತಮ್ಮ ಊರಿಗೆ ಮರಳಿ, 2022ರ ಡಿಸೆಂಬರಿನಲ್ಲಿ 81ನೇ ವಯಸ್ಸಿಗೆ ಇಲ್ಲೇ ಜೋಧಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ತೆರೆಯ ಮೇಲೆ ತಾವು ಸತ್ತ ಮೇಲೂ ಇಪ್ಪತ್ತೈದು ವರ್ಷ ಬದುಕಿದ್ದ ಮನುಷ್ಯ.

ಇದನ್ನು ಯೋಚಿಸಿದಾಗಲೆಲ್ಲ ನನಗೆ ಬೆಟದೂರು ನೆನಪಾಗುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನದ ಮೇಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಅಲ್ಲಿಂದ, ಅವರು ತೀರಿಕೊಂಡ ಫೆಬ್ರವರಿ 11ರ ತನಕ, ನಮ್ಮ ಕಡೆ ಜನ ಹೇಗಿದ್ದರು ಅಂತ ಕಂಡವರಿಗೇ ಗೊತ್ತು. ಗುಡಿ, ದರ್ಗಾ, ಚರ್ಚು ಅನ್ನದೆ ಹರಕೆ ಹೊತ್ತರು. ಹುಬ್ಬಳ್ಳಿಯ ಚಹಾ ಅಂಗಡಿಯಲ್ಲಿ ಗುರುತಿಲ್ಲದವರು ಒಬ್ಬರಿಗೊಬ್ಬರು, “ಏನಾತ್ರೀ, ಕಣ್ಣ ಬಿಟ್ನಂತನು?” ಅಂತ ಕೇಳುತ್ತಿದ್ದರು. ಎಲ್ಲರೂ ಬೇಡಿಕೊಂಡದ್ದು ಒಂದೇ, ಬದುಕಲಿ ಅಂತ. ಅವರನ್ನು ವೀರ ಅನ್ನಲು ಯಾರಿಗೂ ಅವರ ಸಾವು ಬೇಕಾಗಿರಲಿಲ್ಲ. ನಮ್ಮ ಮಂದಿ ಅಷ್ಟು ಬೇಡಿಕೊಂಡರೂ ಸಿಗದ ಆಯುಷ್ಯ ಭೈರೋಂಸಿಂಗರಿಗೆ ಸಿಕ್ಕಿತ್ತು. ಸಿನಿಮಾ ಅದನ್ನು ಕಿತ್ತುಕೊಂಡಿತಲ್ಲ ಅನ್ನುವುದೇ ನನ್ನ ಸಂಕಟ.

ಹಾಡಿನ ಮಾತು ಬೇರೆ. ಇಡೀ ಸಿನಿಮಾ ಅಬ್ಬರಿಸಿದ ಮೇಲೆ ಹರಿಹರನ್ ದನಿ ಎದುರಾಳಿಯನ್ನು ಸೋದರ ಅಂತ, ನೆರೆಯವ ಅಂತ ಕರೆಯುತ್ತದೆ. ನಿರ್ದೇಶಕ ಜೆ.ಪಿ. ದತ್ತಾ ಅವರ ಸ್ವಂತ ತಮ್ಮ ವಾಯುಪಡೆಯಲ್ಲಿದ್ದು ವಿಮಾನ ಅಪಘಾತದಲ್ಲಿ ಹೋದವರು. ಆ ಮನೆಯ ದುಃಖ ಅಲ್ಲಿ ಕೇಳುತ್ತದೆ ಅನ್ನಿಸುತ್ತದೆ ನನಗೆ. ಯುದ್ಧದ ಕಥೆಗೆ ಊರು ಕೂಡಿ ಅಳುವುದು ನಮಗೇನು ಹೊಸದಲ್ಲ. ಗದಗ, ಧಾರವಾಡದ ಹಳ್ಳಿಗಳಲ್ಲಿ ಮೊಹರಂ ಬಂದರೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಮೇಳ ನಿಂತು, ಕರ್ಬಲಾ ಯುದ್ಧದ ಶೋಕ ಹೇಳುವ ರಿವಾಯತ ಪದ ಹಾಡುತ್ತದೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ಕರವಸ್ತ್ರ, ಮುಂದಿನವ ಒಂದು ನುಡಿ ಎತ್ತಿದರೆ ಹಿಂದಿನವರೆಲ್ಲ ಅದನ್ನೇ ಹಿಡಿಯುತ್ತಾರೆ. ಕರ್ಬಲಾದಲ್ಲಿ ಕೂಸು ನೀರಿಗೆ ಹಲುಬಿದ್ದನ್ನು ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ಮೊಹರಂನ ಖತಲ್ ರಾತ್ರಿ ಆ ಪದ ಕೇಳಿ ಬೆಳೆದವರಿಗೆ ‘ಬಾರ್ಡರ್’ನ ಹಾಡು ಪರಕೀಯ ಅನ್ನಿಸುವುದಿಲ್ಲ.

ಸತ್ತವರನ್ನು ನೆನೆಯುವುದರಲ್ಲಿ ರಾಜಸ್ಥಾನದವರು ಯಾರಿಗೂ ಕಡಿಮೆಯಿಲ್ಲ. ಹಳ್ಳಿಹಳ್ಳಿಯಲ್ಲಿ ಹುತಾತ್ಮ ಯೋಧರ ಮೂರ್ತಿ ನಿಲ್ಲಿಸುತ್ತಾರೆ. ರಾಖಿ ಹಬ್ಬಕ್ಕೆ ಅಕ್ಕತಂಗಿಯರು ಬಂದು ಆ ಮೂರ್ತಿಯ ಕೈಗೇ ರಾಖಿ ಕಟ್ಟುತ್ತಾರೆ. ನಮ್ಮ ಹಾವೇರಿ, ಹಾನಗಲ್ ಕಡೆಯ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯಚಂದ್ರ. ಶಾಸನವಿದ್ದ ಕಲ್ಲಿನಲ್ಲಿ ಯಾರು, ಯಾವ ತುರುಗೋಳಿನಲ್ಲಿ, ಅಂದರೆ ದನ ಹೊಡೆದೊಯ್ಯುವ ಕಾಳಗದಲ್ಲಿ, ಬಿದ್ದ ಅನ್ನುವುದೂ ಇರುತ್ತದೆ. ಎರಡೂ ಕಡೆ ಕಲ್ಲು ನಿಲ್ಲುವುದು ಸತ್ತವನಿಗೆ. ಬದುಕಿ ಬಂದವನಿಗೆ ನಿಲ್ಲಿಸಿದ್ದನ್ನು ನಾನು ನೋಡಿಲ್ಲ.

ರಜೆಗೆ ಧಾರವಾಡಕ್ಕೆ ಹೋದಾಗ ಟಿವಿಯಲ್ಲಿ ಈ ಸಿನಿಮಾ ಬಂತು. ಮರಾಠಾ ಲಘು ಪದಾತಿ ದಳದಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದ ದೊಡ್ಡಪ್ಪ ಪಕ್ಕದಲ್ಲಿದ್ದರು. ಭೈರೋಂಸಿಂಗ್ ಮೈನ್ ಹಿಡಿದು ಓಡಿದಾಗ, “ಮೈನ್ ಹುಗದು ಬಾಜೂಕ ಸರೀಬೇಕೋ ತಮ್ಮಾ. ಅದನ್ನ ಹಿಡಕೊಂಡು ಓಡು ಅಂತ ಯಾರೂ ಕಲಿಸಂಗಿಲ್ಲ,” ಅಂದರು. ಆ ಮನುಷ್ಯ ನಿಜವಾಗಿ ಬದುಕಿದ್ದರು ಅಂತ ನಾನು ಹೇಳಿದೆ. ಅವರು ನನ್ನ ಕಡೆ ತಿರುಗಿ, “ಹಂಗಾರ ನನ್ನ ಸಿನಿಮಾ ಮಾಡಿದ್ರ ನನ್ನೂ ಸಾಯಿಸ್ತಿದ್ರನು?” ಅಂತ ಕೇಳಿದರು. ಹಾಡು ಬಂದಾಗ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಶೇರಗಢದ ನನ್ನ ಸಹೋದ್ಯೋಗಿ ಈ ತಕರಾರು ಒಪ್ಪುವುದಿಲ್ಲ. ಸಿನಿಮಾ ಬರದಿದ್ದರೆ ಭೈರೋಂಸಿಂಗರ ಹೆಸರು ಹುಬ್ಬಳ್ಳಿಯವನಾದ ನಿನಗೆ ಹೇಗೆ ಗೊತ್ತಾಗುತ್ತಿತ್ತು ಅಂತ ಕೇಳುತ್ತಾನೆ. ಅದು ಖರೆ. ಕಥೆಯನ್ನು ಹಿಗ್ಗಿಸಿ ಹೇಳುವುದು ನಮ್ಮ ಲಾವಣಿಗಳಲ್ಲೂ ಉಂಟು, ಅದನ್ನೂ ಒಪ್ಪುತ್ತೇನೆ. ಆದರೆ ಲಾವಣಿಯವರು ನೂರು ಮಂದಿಯನ್ನು ಸಾವಿರ ಮಾಡಿ ಹಾಡಿದ್ದು ಬೇರೆ, ಊರಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವವನ ಸಾವನ್ನು ಅವನದೇ ಹೆಸರಿನಲ್ಲಿ ತೋರಿಸುವುದು ಬೇರೆ. ನಿಜವಾಗಿ ಹೋದ ಆ ಇಬ್ಬರ ಮನೆ ತೋರಿಸಿದ್ದರೂ ಹಾಡಿನ ಒಂದು ಸಾಲೂ ಬದಲಿಸಬೇಕಿರಲಿಲ್ಲ. ಹಾಡು ಮುಗಿದ ಮೇಲೆ, ಭೈರೋಂಸಿಂಗ್ ಶೇರಗಢದ ಕಡೆ ತಮ್ಮ ಊರಿನಲ್ಲಿದ್ದಾರೆ ಅಂತ ತೆರೆಯ ಮೇಲೆ ಒಂದು ಸಾಲು ಬರೆಯಬಹುದಿತ್ತು. 1997ರಲ್ಲಿ ಅವರೇ ಕುಳಿತು ಅದನ್ನು ಓದುತ್ತಿದ್ದರು.