ಇಂದು ನಗದು, ನಾಳೆ ಉದ್ರಿ, ನಾಡಿದ್ದು ಒಹಾಯೊ

2025ರ ಜುಲೈ ತಿಂಗಳಲ್ಲಿ ಬೆರಿಯಾದ ತರಬೇತಿ ಶಿಬಿರಕ್ಕೆ ಹೊರಟಾಗ, ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ಲೀಗ್‌ನಲ್ಲಿ ಆಡುವ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಬಳಿ ಐವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರು, ಅಂದರೆ ಚೆಂಡೆಸೆದು ತಂಡದ ದಾಳಿ ನಡೆಸುವ ಆಟಗಾರರು. ಆ ಜಾಗಕ್ಕೆ ಮೈದಾನದಲ್ಲಿ ಬೇಕಾಗುವವನು ಒಬ್ಬನೇ ಎಂಬುದು, ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವ ಆಟವೆಂದು ಇನ್ನೂ ನಂಬಿಕೊಂಡಿರುವ ನಮ್ಮ ಅತ್ತೆಯವರಿಗೂ ಗೊತ್ತಿದೆ. ಐವರಲ್ಲಿ ಡಿಶಾನ್ ವಾಟ್ಸನ್ ಹಿಮ್ಮಡಿಯ ಸ್ನಾಯುರಜ್ಜುವನ್ನು ಎರಡು ಸಲ ಹರಿದುಕೊಂಡು ಕೂತಿದ್ದ. ಜೋ ಫ್ಲಾಕೊಗೆ 40 ತುಂಬಿತ್ತು. ಕೆನ್ನಿ ಪಿಕೆಟ್‌ನನ್ನು ಮೂರೇ ವರ್ಷಗಳಲ್ಲಿ ಪಿಟ್ಸ್‌ಬರ್ಗ್‌ನವರೂ ಫಿಲಡೆಲ್ಫಿಯಾದವರೂ ದಾಟಿಸಿಬಿಟ್ಟಿದ್ದರು. ಉಳಿದ ಇಬ್ಬರು ಹುಡುಗರು: ಏಪ್ರಿಲ್ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ವಾರ್ಷಿಕ ಮೇಳದಲ್ಲಿ, 94ನೇ ಸರದಿಗೆ ಆರಿಸಿದ ಡಿಲನ್ ಗೇಬ್ರಿಯಲ್ ಮತ್ತು, ಅವನನ್ನು ಆರಿಸಿದ ಮರುದಿನವೇ, ಅದೇನೋ ನೆನಪಾದವರಂತೆ ಮೇಲಿನ ಸರದಿಗೆ ಬದಲಾಯಿಸಿಕೊಂಡು ಹೋಗಿ 144ನೇ ಸ್ಥಾನದಲ್ಲಿ ಎತ್ತಿಕೊಂಡ ಶೆಡೂರ್ ಸ್ಯಾಂಡರ್ಸ್. ಸ್ವಯಂವರದ ಮಂಟಪದಲ್ಲಿ ಐವರು ಬಂದು ಆಸೀನರಾಗಿದ್ದರು; ಬಿಲ್ಲು ಎತ್ತುವವನು ಇವರಲ್ಲಿ ಯಾರು ಎಂದು ಕೇಳಿದರೆ ಆಡಳಿತ ಮಂಡಳಿಯವರು, ಐದು ಜನ ಇದ್ದಾರಲ್ಲ, ನೀವು ಎಣಿಸಿ ನೋಡಿ ಎನ್ನುತ್ತಿದ್ದರು.

ಸ್ಯಾಂಡರ್ಸ್ ಮೊದಲ ಸುತ್ತಿನಲ್ಲೇ ಹೋಗುತ್ತಾನೆಂದು ಟೀವಿಯವರೆಲ್ಲ ತಿಂಗಳುಗಟ್ಟಲೆ ಹೇಳಿದ್ದರು. ಅವನು ಜಾರಿದ್ದು ಐದನೇ ಸುತ್ತಿಗೆ; ಮೊದಲ ಸುತ್ತಿನಲ್ಲಿ ಯಾರೂ ಅವನನ್ನು ಎತ್ತಿಕೊಳ್ಳದಿದ್ದಾಗಲೇ ದೇಶದ ಅಧ್ಯಕ್ಷರು ತಂಡಗಳ ಮಾಲೀಕರನ್ನು ದಡ್ಡರೆಂದು ಬೈದು ಬರೆದುಕೊಂಡರು. ಜಗತ್ತಿನ ಬಾಕಿ ಕೆಲಸಗಳೆಲ್ಲ ಮುಗಿದ ಮೇಲೆ ಒಬ್ಬ ಅಧ್ಯಕ್ಷನಿಗೆ ಸಿಗುವ ವಿರಾಮ ಅಂಥದ್ದು.

ಡ್ರಾಫ್ಟಿನ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಕಡೆಯ ದನಗಳ ಜಾತ್ರೆ. ಅಲ್ಲಿ ಎತ್ತಿನ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಆಮೇಲೆ ದಲ್ಲಾಳಿ ಟವೆಲ್ಲಿನ ಅಡಿಯಲ್ಲಿ ಕೈಹಾಕಿ ಬೆರಳು ಒತ್ತಿ ದರ ಕುದುರಿಸುತ್ತಾನೆ. ಇಲ್ಲಿ ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಕಾಲೇಜು ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ ಅಳೆದು, 40 ಗಜ ಓಡಿಸಿ, ಬಂದ ಅಂಕಿಗಳನ್ನು ಲೋಕಕ್ಕೆಲ್ಲ ಸಾರುತ್ತಾರೆ. ಮೇಲೆ ಹೇಳಿದ ಪಿಕೆಟ್ 2022ರಲ್ಲಿ ಇದೇ ಜಾತ್ರೆಗೆ ಬಂದಾಗ ಅವನ ಅಂಗೈ ಎಂಟೂವರೆ ಇಂಚು ಎಂದು ತಿಳಿದು ದೇಶವೇ ತಲ್ಲಣಿಸಿತು. ಆ ಅರ್ಧ ಇಂಚು, ಒಂದು ಇಂಚಿನ ಕೊರತೆಯ ಮೇಲೆ ವಾರಗಟ್ಟಲೆ ಚರ್ಚೆ ನಡೆಯಿತು. ನಮ್ಮ ಜಾತ್ರೆಯ ರೈತನಿಗೆ ಇವರಿಗಿಲ್ಲದ ಒಂದು ಗುಣವಿದೆ. ಕೊಂಡ ಎತ್ತು ನೊಗಕ್ಕೆ ಕತ್ತು ಕೊಡದಿದ್ದರೆ ಅವನ ಹೊಲವೇ ಬೀಳು ಬೀಳುತ್ತದೆ, ಆದ್ದರಿಂದ ಅವನು ಸುಳಿಯನ್ನು ಎರಡು ಸಲ ನೋಡುತ್ತಾನೆ. ಬ್ರೌನ್ಸ್‌ನವರ ಹೊಲ ಬೀಳು ಬಿದ್ದರೆ ನಷ್ಟ ಹೊಲದವರದ್ದಲ್ಲ. ಹೇಗೆಂಬುದಕ್ಕೆ ಆಮೇಲೆ ಬರುತ್ತೇನೆ.

ಈ ತಂಡ ಹ್ಯೂಸ್ಟನ್ ಊರಿನ ತಂಡದವರೊಂದಿಗೆ ನಡೆಸಿದ ವ್ಯಾಪಾರದ ಚರಿತ್ರೆಯನ್ನು ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿಗಳಿಗೆ ಪಠ್ಯವಾಗಿ ಇಡಬೇಕು. 2017ರ ಮಾರ್ಚ್‌ನಲ್ಲಿ ಹ್ಯೂಸ್ಟನ್ ತನಗೆ ಬೇಡವಾದ ಬ್ರಾಕ್ ಆಸ್‌ವೈಲರ್ ಎಂಬ ಕ್ವಾರ್ಟರ್‌ಬ್ಯಾಕನ್ನು ಅವನ ಖಾತರಿ ಸಂಬಳ 1.6 ಕೋಟಿ ಡಾಲರ್ ಸಮೇತ ಬ್ರೌನ್ಸ್‌ಗೆ ದಾಟಿಸಿತು, ಜೊತೆಗೆ ಮರುವರ್ಷದ ಡ್ರಾಫ್ಟಿನ ಎರಡನೇ ಸುತ್ತಿನ ಒಂದು ಸರದಿಯನ್ನೂ ಕೊಟ್ಟಿತು. ಬ್ರೌನ್ಸ್ ಆ ಸರದಿಯನ್ನು ಇಟ್ಟುಕೊಂಡು ಆಸ್‌ವೈಲರನನ್ನು ಋತು ಆರಂಭವಾಗುವ ಮೊದಲೇ ಮನೆಗೆ ಕಳಿಸಿತು. ಮರುವರ್ಷ ಆ ಸರದಿಯಲ್ಲಿ ಸಿಕ್ಕವನು ಚೆಂಡು ಹಿಡಿದು ಓಡುವುದರಲ್ಲಿ ಹೆಸರಾದ ನಿಕ್ ಚಬ್. ಇದು ವ್ಯಂಗ್ಯವಲ್ಲ, ನಿಜವಾಗಿಯೂ ಜಾಣ ವ್ಯಾಪಾರವಾಗಿತ್ತು, ಬಹುಶಃ ಅದೇ ಮುಂದಿನದಕ್ಕೆಲ್ಲ ಮೂಲವಾಯಿತು. 2017ರ ಏಪ್ರಿಲ್‌ನಲ್ಲಿ ಬ್ರೌನ್ಸ್ ತನ್ನ 12ನೇ ಸರದಿಯನ್ನು ಇದೇ ಹ್ಯೂಸ್ಟನ್‌ಗೆ ಮಾರಿತು. ಹ್ಯೂಸ್ಟನ್ ಆ ಸರದಿಯಲ್ಲಿ ಆರಿಸಿದವನ ಹೆಸರು ಡಿಶಾನ್ ವಾಟ್ಸನ್. ಕ್ವಾರ್ಟರ್‌ಬ್ಯಾಕ್ ಇಲ್ಲದ ಬ್ರೌನ್ಸ್ ಆ ವರ್ಷ 16 ಪಂದ್ಯ ಆಡಿ 16ನ್ನೂ ಸೋತಿತು.

ಮುಂದೆ 2022ರ ಮಾರ್ಚ್‌ನಲ್ಲಿ ಬ್ರೌನ್ಸ್ ಹ್ಯೂಸ್ಟನ್‌ಗೆ ಹೋಗಿ, ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಮತ್ತೆ ಮೂರು ಚಿಲ್ಲರೆ ಸರದಿಗಳನ್ನೂ ತೆತ್ತು, ಅದೇ ವಾಟ್ಸನ್‌ನನ್ನು ಕೊಂಡು ತಂದಿತು. ಮನೆ ಬಾಗಿಲಿಗೆ ಬಂದ ಎಮ್ಮೆಯನ್ನು ಕರುವಿನ ಬೆಲೆಗೆ ಬಿಟ್ಟುಕೊಟ್ಟು, ಐದು ವರ್ಷದ ಮೇಲೆ ಮೂರು ಎಮ್ಮೆ ಕೊಟ್ಟು ಹಿಡಿದು ತಂದ ಹಾಗೆ. ಹೀಗೆ ಕೈಬಿಟ್ಟದ್ದರಲ್ಲಿ 2023ರದ್ದು ಮತ್ತೆ 12ನೇ ಸರದಿಯೇ ಆಗಿತ್ತು. ಹ್ಯೂಸ್ಟನ್ ಅದನ್ನು ಬಂಡವಾಳವಾಗಿ ಹಾಕಿ 3ನೇ ಸ್ಥಾನಕ್ಕೆ ಏರಿ ವಿಲ್ ಆಂಡರ್ಸನ್ ಎಂಬ ರಕ್ಷಣಾ ಆಟಗಾರನನ್ನು ಪಡೆಯಿತು. 2024ರ ಜನವರಿಯಲ್ಲಿ ಬ್ರೌನ್ಸ್ ಅಪರೂಪಕ್ಕೆ ಪ್ಲೇ ಆಫ್ ತಲುಪಿದಾಗ, ಎದುರಿಗೆ ನಿಂತು 45-14ರಿಂದ ಹೊಡೆದು ಕಳಿಸಿದ ತಂಡ ಯಾವುದೆಂದು ಓದುಗರು ಊಹಿಸಬಲ್ಲರು. ಆ ಪ್ಲೇ ಆಫ್‌ಗೆ ಕರೆದೊಯ್ದವನಾದರೂ ವಾಟ್ಸನ್ ಅಲ್ಲ, ಮನೆಯ ಸೋಫಾದಿಂದ ಎಬ್ಬಿಸಿ ಕರೆತಂದ ಫ್ಲಾಕೊ. ಅವನಿಗೆ ಆ ವರ್ಷದ ಪುನರಾಗಮನದ ಪ್ರಶಸ್ತಿ ಬಂತು. ಬ್ರೌನ್ಸ್ ಅವನನ್ನು ಉಳಿಸಿಕೊಳ್ಳದೆ ಬಿಟ್ಟಿತು. ಒಂದು ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಇದ್ದು ಬಂದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಕರೆಸಿಕೊಂಡಿತು. ವಾಟ್ಸನ್‌ಗೆ ಜಾಗ ಮಾಡಲು ಕಳಿಸಿದ ಬೇಕರ್ ಮೇಫೀಲ್ಡ್ ಟ್ಯಾಂಪಾದಲ್ಲಿ ಮೂರು ವರ್ಷಕ್ಕೆ 10 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಸುಖವಾಗಿದ್ದಾನೆ.

ಇಲ್ಲಿಯವರೆಗಿನದ್ದು ನಗುವ ಮಾತು. ವಾಟ್ಸನ್‌ನನ್ನು ತಂದಾಗ ಅವನ ಮೇಲೆ 20ಕ್ಕೂ ಹೆಚ್ಚು ಮಹಿಳೆಯರು, ಮಸಾಜಿಗೆಂದು ಕರೆಸಿಕೊಂಡು ಲೈಂಗಿಕ ದುರ್ವರ್ತನೆ ತೋರಿದನೆಂದು ದಾವೆ ಹೂಡಿದ್ದರು. ಅವನು ಅದನ್ನೆಲ್ಲ ಅಲ್ಲಗಳೆದ. ಎರಡು ಗ್ರ್ಯಾಂಡ್ ಜ್ಯೂರಿಗಳು (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಗಳು) ಕ್ರಿಮಿನಲ್ ಆರೋಪ ಹೊರಿಸಲಿಲ್ಲ. ದಾವೆಗಳಲ್ಲಿ ಬಹುಪಾಲು ರಾಜಿಯಲ್ಲಿ ಮುಗಿದವು. ಲೀಗ್ ಮಾತ್ರ ಅಮಾನತು ಮಾಡುವುದು ಖಚಿತವೆಂದು ಎಲ್ಲರಿಗೂ ತಿಳಿದಿತ್ತು. ಅಮಾನತಾದವನು ಕಳೆದುಕೊಳ್ಳುವುದು ಆ ವಾರಗಳ ಮೂಲ ಸಂಬಳವನ್ನು. ಬ್ರೌನ್ಸ್ ಅವನಿಗೆ ಐದು ವರ್ಷಕ್ಕೆ 23 ಕೋಟಿ ಡಾಲರ್ ಕೊಟ್ಟಿತು, ಪ್ರತಿ ಡಾಲರಿಗೂ ಖಾತರಿ. ಆದರೆ ಮೊದಲ ವರ್ಷದ ಮೂಲ ಸಂಬಳ ಮಾತ್ರ 10.35 ಲಕ್ಷ, ಉಳಿದದ್ದು ಬೋನಸ್. 11 ಪಂದ್ಯಗಳ ಅಮಾನತು ಬಂದಾಗ ಅವನ ಸಂಬಳದಿಂದ ಕಳಚಿದ್ದು ಬಿಡಿಗಾಸು. 50 ಲಕ್ಷ ಡಾಲರಿನ ದಂಡವನ್ನು ಲೀಗ್ ಬೇರೆಯಾಗಿ ಹಾಕಬೇಕಾಯಿತು. ಯಾರೋ ಒಬ್ಬರು ಕುಳಿತು, ಆ ಮಹಿಳೆಯರ ದೂರಿಗೆ ಇವನು ತೆರಬೇಕಾದ ಬೆಲೆ ಎಷ್ಟು ಕಡಿಮೆಯಾಗಬಹುದೆಂದು ಲೆಕ್ಕ ಹಾಕಿ, ಆ ಕಾಗದಕ್ಕೆ ರುಜು ಹಾಕಿಸಿದ್ದಾರೆ. ಇದಕ್ಕೆ ಏನು ಉಪಮೆ ಹುಡುಕುವುದು? ನನಗೆ ಬೇಸರವಾಗುತ್ತದೆ, ಅಷ್ಟೆ. 2024ರವರೆಗಿನ ಮೂರು ಋತುಗಳಲ್ಲಿ ಅವನು ಆಡಿದ್ದು 19 ಪಂದ್ಯ ಎಂಬುದೇ ದೊಡ್ಡ ಹಗರಣವೆಂದು ಇಲ್ಲಿನವರು ಮಾತಾಡುತ್ತಾರೆ, ಅವನು ಚೆನ್ನಾಗಿ ಆಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂಬಂತೆ.

ಇನ್ನು ಲೆಕ್ಕದ ಪುಸ್ತಕಕ್ಕೆ ಬರೋಣ. ಲೀಗ್‌ನಲ್ಲಿ ಪ್ರತಿ ತಂಡದ ಸಂಬಳಕ್ಕೂ ಮಿತಿಯಿದೆ. 1994ರಲ್ಲಿ ಜಾರಿಗೆ ಬಂದಾಗ ಅದು 3.46 ಕೋಟಿ ಡಾಲರ್ ಇತ್ತು, 2025ರಲ್ಲಿ 27.92 ಕೋಟಿ. ಶ್ರೀಮಂತ ತಂಡ ಎಲ್ಲರನ್ನೂ ಕೊಂಡುಬಿಡದಿರಲಿ ಎಂಬುದು ಉದ್ದೇಶ, ನಮ್ಮ ಐಪಿಎಲ್ ಹರಾಜಿನ ಪರ್ಸ್ ಇದ್ದಂತೆ. ಆದರೆ ಐಪಿಎಲ್ ಪರ್ಸ್ ಖಾಲಿಯಾದರೆ ಖಾಲಿ. ಇಲ್ಲಿನ ಮಿತಿ ಹಾಗಲ್ಲ. ಎರಡನೇ ವರ್ಷದಿಂದ ವಾಟ್ಸನ್‌ನ ವಾರ್ಷಿಕ ಮೂಲ ಸಂಬಳ 4.6 ಕೋಟಿ ಡಾಲರ್. ಬ್ರೌನ್ಸ್‌ನವರು ಅದರ ಬಹುಪಾಲನ್ನು ಬೋನಸ್ ಎಂದು ಹೆಸರು ಬದಲಿಸುತ್ತಾರೆ. ಹಣ ಆಟಗಾರನ ಕೈಗೆ ಈಗಲೇ ಹೋಗುತ್ತದೆ, ಆದರೆ ಮಿತಿಯ ಲೆಕ್ಕದಲ್ಲಿ ಅದನ್ನು ಐದು ವರ್ಷಗಳಿಗೆ ಹಂಚಬಹುದು. ಒಪ್ಪಂದದಲ್ಲಿ ಅಷ್ಟು ವರ್ಷ ಉಳಿದಿಲ್ಲವಲ್ಲ ಎಂದರೆ, ಯಾರೂ ಆಡದ, ಯಾರೂ ಆಡುತ್ತಾರೆಂದು ನಂಬದ ಕಾಗದದ ವರ್ಷಗಳನ್ನು ಕೊನೆಗೆ ಅಂಟಿಸುತ್ತಾರೆ. ಒಪ್ಪಂದ 2026ಕ್ಕೆ ಮುಗಿಯುತ್ತದೆ, ಅದರ ಬಾಕಿ ಮುಗಿಯುವುದಿಲ್ಲ. 2025ರ ಮಾರ್ಚ್‌ನಲ್ಲಿಯೂ, ಹಿಮ್ಮಡಿಗೆ ಎರಡನೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದವನ ಹೆಸರಿನಲ್ಲಿ ಇದೇ ಶಾಸ್ತ್ರ ನಡೆಯಿತು. ನಮ್ಮೂರ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ‘ಇಂದು ನಗದು ನಾಳೆ ಉದ್ರಿ’ ಎಂದು ಬರೆದ ಹಲಗೆಯೊಂದು ತೂಗುತ್ತಿತ್ತು. ಗಿರಾಕಿಯನ್ನು ನಯವಾಗಿ ಓಡಿಸಲು ಶೆಟ್ಟರು ಬರೆಸಿದ ಆ ಮಾತನ್ನು ಅಕ್ಷರಶಃ ನಂಬಿ ನಡೆಯುವ ಸಂಸ್ಥೆಯೊಂದು ಎರೀ ಸರೋವರದ ದಡದಲ್ಲಿ ಇರುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಮಿತಿ ವರ್ಷವರ್ಷ ಏರುತ್ತದೆ, ಆದ್ದರಿಂದ ನಾಳೆಯ ಸಾಲ ಇಂದಿನದಕ್ಕಿಂತ ಹಗುರ ಎಂದು ಇದಕ್ಕೆ ಸಮರ್ಥನೆಯೂ ಉಂಟು. ಸಾಲ ಮಾಡಿ ತುಪ್ಪ ತಿಂದವರನ್ನು ಕಂಡಿದ್ದೇನೆ; ಸಾಲ ಮಾಡಿ ತುಪ್ಪದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಮಜ್ಜಿಗೆ ಕುಡಿಯುವವರನ್ನು ಕಂಡದ್ದು ಇಲ್ಲೇ.

ಇದರ ನಡುವೆ ಲೆಕ್ಕ ಚೆನ್ನಾಗಿ ಬಲ್ಲವನು ತಂಡದ ರಕ್ಷಣಾ ಆಟಗಾರ ಮೈಲ್ಸ್ ಗ್ಯಾರೆಟ್ ಒಬ್ಬನೇ. ತನಗೆ ಗೆಲ್ಲಬೇಕಾಗಿದೆ, ಬೇರೆ ತಂಡಕ್ಕೆ ಕಳಿಸಿಬಿಡಿ ಎಂದು 2025ರ ಫೆಬ್ರುವರಿಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳಿದ. ಮಾರ್ಚ್‌ನಲ್ಲಿ ವರ್ಷಕ್ಕೆ 4 ಕೋಟಿ ಡಾಲರಿಗೆ ಇಲ್ಲಿಯೇ ರುಜು ಹಾಕಿದ. ಗೆಲುವಿನ ದಾಹ ಅಷ್ಟಕ್ಕೆ ತಣಿಯಿತು. ನನಗೆ ಅವನ ಮೇಲೆ ಸಿಟ್ಟಿಲ್ಲ.

ಅದೇ ಮಾರ್ಚ್ ಕೊನೆಯಲ್ಲಿ ಮಾಲೀಕ ಜಿಮ್ಮಿ ಹ್ಯಾಸ್ಲಂ ಅವರು, ವಾಟ್ಸನ್ ವಿಷಯದಲ್ಲಿ ತಾವು ಬ್ಯಾಟನ್ನು ಜೋರಾಗಿ ಬೀಸಿದರೂ ಚೆಂಡು ತಗಲಲಿಲ್ಲ ಎಂಬ ಅರ್ಥದ ಮಾತನ್ನು ಬೇಸ್‌ಬಾಲ್ ಭಾಷೆಯಲ್ಲಿ ಹೇಳಿದರು. ಪತ್ರಿಕೆಗಳು ಅವರ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡವು. ನಾನೂ ಮೆಚ್ಚುತ್ತೇನೆ, ಆದರೆ ನನಗೆ ನೆನಪಾಗುವುದು ನಮ್ಮ ಬೀದಿಯ ಕ್ರಿಕೆಟ್. ಅಲ್ಲಿ ಬ್ಯಾಟು ತಂದ ಹುಡುಗ ಬೌಲ್ಡ್ ಆದರೂ ಔಟಾಗುತ್ತಿರಲಿಲ್ಲ. ಅದು ಟ್ರಯಲ್ ಬಾಲ್ ಎನ್ನುತ್ತಿದ್ದ. ನಾವು ಗಲಾಟೆ ಮಾಡಿದರೆ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೊರಡುತ್ತಿದ್ದ. ಕ್ಲೀವ್‌ಲ್ಯಾಂಡ್‌ನವರಿಗೆ ಈ ಹುಡುಗನ ಪರಿಚಯ ಹಳೆಯದು. 1995ರ ಋತು ಮುಗಿಯುತ್ತಲೇ ಆಗಿನ ಮಾಲೀಕ ಆರ್ಟ್ ಮೊಡೆಲ್ ಬ್ಯಾಟು, ವಿಕೆಟ್ಟು, ಚೆಂಡು, ಆಟಗಾರರು ಸಮೇತ ಬಾಲ್ಟಿಮೋರ್‌ಗೆ ಹೊರಟುಹೋದರು. ಆ ತಂಡ ಅಲ್ಲಿ ಬೇರೆ ಹೆಸರಿನಿಂದ ಆಡಿ ಐದನೇ ಋತುವಿಗೆ ಸೂಪರ್ ಬೌಲ್ ಎಂಬ ಲೀಗ್‌ನ ಅಂತಿಮ ಪಂದ್ಯ ಗೆದ್ದಿತು. ಇಲ್ಲಿಗೆ 1999ರಲ್ಲಿ ಹೊಸ ಬ್ರೌನ್ಸ್ ಬಂದು, ಅಂದಿನಿಂದ 2024ರ ಋತುವಿನವರೆಗೆ 40 ಕ್ವಾರ್ಟರ್‌ಬ್ಯಾಕ್‌ಗಳನ್ನು ಕಣಕ್ಕಿಳಿಸಿ ನೋಡಿದೆ, ಸೂಪರ್ ಬೌಲ್‌ನ ಮೈದಾನವನ್ನಂತೂ ಒಮ್ಮೆಯೂ ತುಳಿದಿಲ್ಲ.

ಹೀಗಿದ್ದೂ ಜನ ಬಿಟ್ಟಿಲ್ಲ. 16ಕ್ಕೆ 16 ಸೋತ ವರ್ಷ, 2018ರ ಜನವರಿ 6ರಂದು, ಮೂಗು ಉದುರುವ ಚಳಿಯಲ್ಲಿ ಸಾವಿರಾರು ಅಭಿಮಾನಿಗಳು ‘ಪರಿಪೂರ್ಣ ಋತುವಿನ ಮೆರವಣಿಗೆ’ ಎಂದು ಕ್ರೀಡಾಂಗಣವನ್ನು ಸುತ್ತುಹಾಕಿದರು. ಆ ಸುತ್ತಿನ ಆಕಾರ ಸೊನ್ನೆ ಎಂಬುದನ್ನು ಅವರೇ ತೋರಿಸಿಕೊಟ್ಟರು. ‘ಈ ಸಲ ಕಪ್ ನಮ್ದೇ’ ಎಂದು 18 ವರ್ಷ ಕೂಗಿ 2025ರ ಜೂನ್‌ನಲ್ಲಿ ಕಪ್ ಕಂಡವರ ಪೈಕಿ ನಾನೂ ಒಬ್ಬನಾದ್ದರಿಂದ, ಆ ಮೆರವಣಿಗೆಯನ್ನು ನೋಡಿ ನಗುವ ಅರ್ಹತೆ ನನಗಿಲ್ಲ.

ಈ ಜನರಿಗೇ 2025ರಲ್ಲಿ ಖರ್ಚಿನ ಬಿಲ್ಲು ಬಂತು. ಸರೋವರದ ದಡದ ಕ್ರೀಡಾಂಗಣ ಹಳೆಯದಾಯಿತಂತೆ. ವಿಮಾನ ನಿಲ್ದಾಣದ ಪಕ್ಕದ ಬ್ರೂಕ್ ಪಾರ್ಕ್‌ನಲ್ಲಿ 240 ಕೋಟಿ ಡಾಲರಿನ, ಚಾವಣಿಯಿರುವ ಹೊಸದು ಬೇಕಂತೆ. ರಾಜ್ಯ ಇದಕ್ಕೆ 60 ಕೋಟಿ ಡಾಲರ್ ಕೊಡಲು ಒಪ್ಪಿತು. ಮೊದಲು ಬೆಟ್ಟಿಂಗ್ ಕಂಪನಿಗಳ ಮೇಲೆ ತೆರಿಗೆ ಎಂಬ ಮಾತು ಬಂತು, ಆಮೇಲೆ ಬಾಂಡ್ ಎಂಬ ಮಾತು ಬಂತು, ಕೊನೆಗೆ ಒಹಾಯೊದ ಶಾಸಕರಿಗೆ ಕೈಗೆ ಸಿಕ್ಕಿದ್ದು ವಾರಸುದಾರರು ಕೇಳಿ ಬಾರದ ಹಣ: ಜನ ಮರೆತ ಬ್ಯಾಂಕ್ ಖಾತೆ, ವಾಪಸು ಪಡೆಯದ ಠೇವಣಿ, ನಗದಾಗದ ಸಂಬಳದ ಚೆಕ್ಕು, ತೀರಿಹೋದವರ ವಿಮೆ. ಬಜೆಟ್ಟಿಗೆ ಗವರ್ನರ್ ರುಜು ಬಿತ್ತು. ಮೊಕದ್ದಮೆ ಹೂಡಲಾಯಿತು, ಅದು ಬೇರೆ ಮಾತು. ವಾಟ್ಸನ್ ಒಪ್ಪಂದದಲ್ಲಿ ಯಾರೂ ಆಡದ ಕಾಗದದ ವರ್ಷಗಳ ಮೇಲೆ ಸಾಲ ಬರೆದವರ ಊರಿನಲ್ಲಿ, ಯಾರೂ ಕೇಳದ ಖಾತೆಗಳಿಂದ ಕ್ರೀಡಾಂಗಣ ಏಳುವುದು ಸಹಜವೇ. ತಂಡದ ಸಂಬಳಕ್ಕೆ ಮಿತಿಯಿದೆ. ತಂಡದ ಮಾಲೀಕರು ಕೇಳಬಹುದಾದದ್ದಕ್ಕೆ ಮಿತಿಯಿಲ್ಲ.

ಆ ದಿನಗಳಲ್ಲಿ ನಾನೂ ಕುತೂಹಲಕ್ಕೆ, ಯಾರೂ ಕೇಳದ ಆ ಹಣದ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿದೆ. ಸಿಗಲಿಲ್ಲ. ಆಮೇಲೆ ಹೊಳೆದು, ಇನಿಷಿಯಲ್ಲು ಬಿಡಿಸಿ, ನನ್ನ ಊರಿನ ಹೆಸರನ್ನೇ ಮೊದಲ ಹೆಸರಾಗಿ ಹಾಕಿ ನೋಡಿದರೆ ಇತ್ತು: ಈ ದೇಶಕ್ಕೆ ಬಂದ ಹೊಸದರಲ್ಲಿ ಬಾಡಿಗೆ ಮನೆಗೆ ಕಟ್ಟಿದ್ದ ಯಾವುದೋ ಠೇವಣಿಯ 38 ಡಾಲರ್. ನಮ್ಮೂರಿನ ಹೆಸರಿನ ಆ ಮನುಷ್ಯ ನಾನೇ ಎಂದು ರುಜುವಾತುಪಡಿಸಲು ಬೇಕಾದ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ ಪಕ್ಕದ ಮನೆಯ ಹಿರಿಯರು ಬಂದರು. ಮೊಡೆಲ್ ಬಿಟ್ಟುಹೋದ ದಿನ ಅತ್ತವರು, ಸೊನ್ನೆಯ ಮೆರವಣಿಗೆಯಲ್ಲಿ ನಡೆದವರು. ವಿಷಯ ಕೇಳಿ ನಕ್ಕು, ಆ 38 ಡಾಲರ್ ಹೋದರೆ ಹೋಗಲಿ ಬಿಡಿ, ಈ ಡ್ರಾಫ್ಟಿನಲ್ಲಿ 2ನೇ ಸರದಿಯನ್ನು ಜ್ಯಾಕ್ಸನ್‌ವಿಲ್‌ಗೆ ಮಾರಿದೆವಲ್ಲ, ಮುಂದಿನ ವರ್ಷ ನಮ್ಮ ಕೈಯಲ್ಲಿ ಮೊದಲ ಸುತ್ತಿನ ಎರಡು ಸರದಿಗಳಿವೆ ಎಂದರು.