ಮುತ್ತಜ್ಜನ ಅಪ್ಪ ಯಾರು?

ದೊಡ್ಡಪ್ಪ ಹಳೆಯ ನೋಟ್‌ಬುಕ್ ಕೈಗಿಟ್ಟು, "ಕಂಪ್ಯೂಟರ್ ಕೆಲಸದವನಲ್ವಾ ನೀನು, ನಮ್ಮ ವಂಶವೃಕ್ಷ ಅದರೊಳಗೆ ಹಾಕಿಕೊಡೋ" ಎಂದರು. ಐದು ತಲೆಮಾರು, 63 ಹೆಸರು. ಒಂದು ಸಂಜೆಯ ಕೆಲಸ ಎಂದುಕೊಂಡೆ.

ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ 'ಮಂದಿ' ಎಂಬ ಟೇಬಲ್ ಮಾಡಿದೆ. ಐಡಿ, ಹೆಸರು, ಅಪ್ಪನ ಐಡಿ. ಅಪ್ಪನೂ ಇದೇ ಟೇಬಲ್‌ನಲ್ಲಿ ಇರುವವನೇ. ಹಾಗಾಗಿ ಫಾರಿನ್ ಕೀ, ಅಂದರೆ ಒಂದು ಸಾಲನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ, ಬೇರೆಲ್ಲೂ ಹೋಗದೆ ಇದೇ ಟೇಬಲ್‌ನ ಐಡಿಯನ್ನು ತೋರಿಸುತ್ತದೆ. ಹೆಸರು ಮಾತ್ರ ಫಾರಿನ್, ಸಂಬಂಧವೆಲ್ಲ ಮನೆಯೊಳಗೇ.

ಮೊದಲ ಸಾಲಿಗೇ ಎಡವಿದೆ. ಅಪ್ಪನ ಐಡಿ ಖಾಲಿ ಇರಬಾರದು ಎಂದು ನಾಟ್ ನಲ್ ಹಾಕಿದ್ದೆ. ಮುತ್ತಜ್ಜನ ಅಪ್ಪ ಯಾರೆಂದು ದೊಡ್ಡಪ್ಪನಿಗೂ ಗೊತ್ತಿಲ್ಲ. ಸುಮ್ನೆ ಮುತ್ತಜ್ಜನ ಐಡಿಯನ್ನೇ ಅಲ್ಲೂ ಬರೆದೆ. ತಕರಾರಿಲ್ಲದೆ ಒಪ್ಪಿಕೊಂಡಿತು! ಉದ್ಭವಲಿಂಗಕ್ಕೆ ಸಲ್ಲುವ ಗೌರವ ಮುತ್ತಜ್ಜನಿಗೂ ಸಿಕ್ಕಿತು. ಆಮೇಲೆ ನಾಚಿಕೆಯಾಗಿ ನಾಟ್ ನಲ್ ತೆಗೆದೆ. ಮುತ್ತಜ್ಜನಿಗೂ, ಹೊರಗಿನಿಂದ ಬಂದ ಸೊಸೆಯಂದಿರಿಗೂ ಅಪ್ಪನ ಜಾಗದಲ್ಲಿ ನಲ್, ಅಂದರೆ ಖಾಲಿ.

ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಅಜ್ಜ ತಿಮ್ಮಪ್ಪ, ದೊಡ್ಡಪ್ಪನ ಮಗನೂ ತಿಮ್ಮಪ್ಪ. ದೊಡ್ಡಪ್ಪನ ಅಪ್ಪನಾಗಿ ನಾನು ಬರೆದದ್ದು ಈ ಎರಡನೇ ತಿಮ್ಮಪ್ಪನ ಐಡಿ. ಫಾರಿನ್ ಕೀ ತುಟಿ ಬಿಚ್ಚಲಿಲ್ಲ. ಅದು ಕೇಳುವುದು ಇಷ್ಟೇ: ಈ ಐಡಿಯವರು ಟೇಬಲ್‌ನಲ್ಲಿ ಇದ್ದಾರಾ? ಇದ್ದರೆ ಮುಗೀತು. ಅವರು ಅಪ್ಪ ಆಗಲು ಸಾಧ್ಯವಾ ಅಂತ ನೋಡುವುದಿಲ್ಲ. ಮದುವೆ ಬ್ರೋಕರ್ ಕೂಡ ಇದಕ್ಕಿಂತ ಜಾಸ್ತಿ ವಿಚಾರಿಸುತ್ತಾನೆ. ದೊಡ್ಡಪ್ಪನ ಪೂರ್ವಜರನ್ನು ತೋರಿಸು ಎಂದು, ಅಪ್ಪ, ಅಪ್ಪನ ಅಪ್ಪ ಎಂದು ಮೇಲೆ ಮೇಲೆ ಹುಡುಕುತ್ತಾ ಹೋಗುವ ರಿಕರ್ಸಿವ್ ಕ್ವೆರಿ ಓಡಿಸಿದೆ. ಅಪ್ಪನಿಂದ ಮಗ, ಮಗನಿಂದ ಅಪ್ಪ ಎಂದು ಗಾಣದೆತ್ತಿನಂತೆ ಸುತ್ತಿ, 1001ನೇ ಸುತ್ತಿಗೆ ಕೈಚೆಲ್ಲಿತು.

ಅದನ್ನು ಸರಿಮಾಡಿ ಕಾಫಿ ಕುಡಿಯುವಷ್ಟರಲ್ಲಿ ದೊಡ್ಡಪ್ಪನ ಫೋನು. ಮುತ್ತಜ್ಜನ ಹೆಸರೇ ತಪ್ಪಂತೆ. ತಿದ್ದಿದ್ದರೆ ಸಾಕಿತ್ತು. ಅಳಿಸಿ ಹೊಸದಾಗಿ ಬರೆಯೋಣ ಎಂದು ಡಿಲೀಟ್ ಕೊಟ್ಟೆ. '1 ಸಾಲು ಹೋಯಿತು' ಎಂದಿತು. ಸರಿ, ಮುತ್ತಜ್ಜ ಒಬ್ಬ ತಾನೇ?

ಆನ್ ಡಿಲೀಟ್ ಕ್ಯಾಸ್ಕೇಡ್ ಹಾಕಿದ್ದು ಮರೆತಿದ್ದೆ. ಅಪ್ಪ ಹೋದರೆ ಮಕ್ಕಳು, ಅವರ ಹಿಂದೆ ಮೊಮ್ಮಕ್ಕಳು. ಹೀಗೆ ಹಿಂಬಾಲಿಸಿ ಹೋದವರನ್ನು ಮೈಎಸ್‌ಕ್ಯುಎಲ್ ಆ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ರಿಸ್ಟ್ರಿಕ್ಟ್ ಎಂದು ಬರೆದಿದ್ದರೆ 'ಇವರಿಗೆ ಮಕ್ಕಳಿದ್ದಾರೆ, ಅಳಿಸಲಾರೆ' ಎಂದು ಅಡ್ಡ ನಿಲ್ಲುತ್ತಿತ್ತು. ಟೇಬಲ್ ತೆರೆದರೆ ದೊಡ್ಡಪ್ಪ ಇಲ್ಲ, ಅಪ್ಪ ಇಲ್ಲ, ನಾನೂ ಇಲ್ಲ. ಉಳಿದದ್ದು 14 ಸಾಲು. ಎಲ್ಲರೂ ಸೊಸೆಯಂದಿರು.

ಅಷ್ಟರಲ್ಲಿ ಫೋನು ದೊಡ್ಡಮ್ಮನ ಕೈಗೆ ಹೋಗಿತ್ತು. "ಏನೋ, ಅದರಲ್ಲಿ ನನ್ನ ಹೆಸರು ಇದೆ ತಾನೇ?"

"ಇದೆ ದೊಡ್ಡಮ್ಮ. ಈಗ ನೀವೇ ಇರೋದು."