ಖಾಲಿ ಸೀಟಿಗೆ ನೋಟೀಸು

ಜ್ವರ ಬಂದದ್ದು ನನಗೆ, ಫುಟ್‌ಬಾಲ್ ಕ್ಲಬ್ಬಿನ ನೋಟೀಸು ಬಂದದ್ದು ಮೈದಾನದಲ್ಲಿರುವ ನನ್ನ ಸೀಟಿಗೆ. ಈ ಸೀಸನ್‌ನಲ್ಲಿ ಅದು ಮೂರು ಸಲ ಖಾಲಿ ಇತ್ತಂತೆ. ಹೀಗೇ ಆದರೆ ಮುಂದಿನ ವರ್ಷ ಸೀಸನ್ ಟಿಕೆಟ್, ಅಂದರೆ ತವರಿನ ಪಂದ್ಯಗಳಿಗೆಲ್ಲ ಒಟ್ಟಿಗೇ ಕೊಳ್ಳುವ ಟಿಕೆಟ್, ಇಲ್ಲವಂತೆ. ದುಡ್ಡು ಮೊದಲೇ ಎಣಿಸಿಕೊಂಡಿದ್ದಾರೆ. ಆದರೂ ಕಾಸು ಕೊಟ್ಟು ಕೊಂಡ ಸೀಟಿನಲ್ಲಿ ಕೂರದಿರುವ ಸ್ವಾತಂತ್ರ್ಯ ನನಗಿಲ್ಲ.

ಪಂದ್ಯಕ್ಕೆ ಹೋಗುವ ರೈಲಿನಲ್ಲಿ ಇದನ್ನು ತೋಡಿಕೊಂಡೆ. ಅಯ್ಯೋ ಪಾಪ ಅಂದಾರು ಅಂದುಕೊಂಡಿದ್ದೆ.

"ಸರಿಯಾಗೇ ಮಾಡಿದ್ದಾರೆ," ಎಂದ ಎದುರಿಗಿದ್ದ ಹುಡುಗ. ಅವನು ನಾಲ್ಕು ವರ್ಷದಿಂದ ಸೀಸನ್ ಟಿಕೆಟ್ಟಿಗೆ ಕಾಯುವ ಪಟ್ಟಿಯಲ್ಲಿದ್ದಾನೆ. "ಬರಕ್ಕಾಗದಿದ್ರೆ ಬೇರೆಯವರಿಗಾದ್ರೂ ಕೊಡಬೇಕಿತ್ತು."

"ಕ್ಲಬ್ಬನ್ನು ಕೇಳದೆ ಕೊಟ್ಟರೂ ತಪ್ಪು ಕಣಪ್ಪಾ," ಎಂದರು ಪಕ್ಕದ ಹಿರಿಯರು. ಮಾರುವುದಂತೂ ದೂರವೇ ಉಳಿಯಿತು: ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಇಂಗ್ಲೆಂಡಿನಲ್ಲಿ 1994ರಿಂದ ಅಪರಾಧ. ಎದುರಾಳಿ ಬೆಂಬಲಿಗರು ನಮ್ಮ ನಡುವೆ ಬಂದು ಕೂತು ಹೊಡೆದಾಟವಾಗದಿರಲಿ ಎಂದು ಮಾಡಿದ ಕಾನೂನು. ನಾನು ಕೊಟ್ಟಿದ್ದರೆ ನನ್ನ ಭಾವಮೈದುನನಿಗೇ ಕೊಡುತ್ತಿದ್ದೆ; ಅವನು ಯಾರನ್ನೂ ಹೊಡೆಯುವ ಪೈಕಿಯಲ್ಲ, ಅವನಿಗೆ ಆಫ್‌ಸೈಡೇ ಅರ್ಥವಾಗುವುದಿಲ್ಲ.

ಹಿರಿಯರು ಆಗ ಎಪ್ಪತ್ತೇಳನೇ ನಿಮಿಷದ ಮಾತು ತೆಗೆದರು. ನನ್ನ ದೂರು ಅಲ್ಲಿಗೆ ಮುಗಿಯಿತು.

2016ರ ಫೆಬ್ರವರಿ 6, ಲಿವರ್‌ಪೂಲ್ ಕ್ಲಬ್ಬಿನ ಮೈದಾನ ಆನ್‌ಫೀಲ್ಡ್. ಮುಂದಿನ ಸೀಸನ್‌ಗೆ ಲಿವರ್‌ಪೂಲ್‌ನ ಒಂದು ಪಂದ್ಯದ ಅತಿ ದುಬಾರಿ ಟಿಕೆಟ್ 77 ಪೌಂಡ್ ಎಂದು ಸಾರಿದ್ದರು. ಹಾಗಾದರೆ 77ನೇ ನಿಮಿಷಕ್ಕೆ ಎದ್ದು ನಡೆಯೋಣ ಎಂದರು ಅಭಿಮಾನಿಗಳು. ಸಾವಿರಾರು ಜನ ನಿಜಕ್ಕೂ ಎದ್ದರು. ಸಂಡರ್‌ಲೆಂಡ್ ಮೇಲೆ ಆಗ ತಂಡ 2-0 ಮುಂದಿತ್ತು. ಆಟ ಮುಗಿದಾಗ 2-2. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ದರ ಕೈಬಿಟ್ಟರು. ಅದು ಇತಿಹಾಸ, ಇರಲಿ. ನನ್ನ ತಲೆಯಲ್ಲಿ ಕೂತದ್ದು ತೊಂಬತ್ತು ನಿಮಿಷದ ಆಟದಲ್ಲಿ ಉಳಿದ ಆ ಹದಿಮೂರು ನಿಮಿಷ. ಮೆಟ್ಟಿಲಿಳಿಯುವ ಒಬ್ಬ ಅಪ್ಪ, ಹಿಂದಕ್ಕೆ ಹಿಂದಕ್ಕೆ ನೋಡುವ ಮಗ. ಬೀದಿಗೆ ಬರುವಷ್ಟರಲ್ಲಿ ಒಳಗೊಂದು ಕೂಗು. ಹೊರಗೆ ನಿಂತವನಿಗೂ ಗೋಲು ಯಾರದೆಂದು ಗೊತ್ತಾಗುತ್ತದೆ: ತವರಿನವರದಾದರೆ ಗೋಡೆಯೇ ಗುಡುಗುತ್ತದೆ, ಎದುರಾಳಿಯದಾದರೆ ಅವರ ಬೆಂಬಲಿಗರು ಕೂತ ಒಂದು ಮೂಲೆ ಮಾತ್ರ ಕಿರುಚಿ, ಉಳಿದ ಕಡೆ ಯಾರೋ ಸತ್ತಂತೆ ಮೌನ. ಅಪ್ಪ ಮಗನ ಮುಖ ನೋಡಿರುತ್ತಾನೆ. ಇನ್ನೊಂದು ಕೂಗು, ಅದೇ ಮೂಲೆಯಿಂದ. ವಾಪಸ್ ಓಡೋಣವೆಂದರೆ, ಒಮ್ಮೆ ಹೊರಬಿದ್ದವರನ್ನು ಮತ್ತೆ ಬಿಡುವುದಿಲ್ಲ. ಅದೂ ಟಿಕೆಟ್ಟಿನ ನಿಯಮವೇ!

"ಎದ್ದು ಹೋಗಿದ್ದಕ್ಕೇ ಗೋಲು ಬಿತ್ತು," ಎಂದ ಹುಡುಗ. "ಕೂತೇ ಇದ್ದಿದ್ರೆ 77 ಪೌಂಡ್ ಬೀಳ್ತಿತ್ತು," ಎಂದರು ಹಿರಿಯರು. ಈ ವಾದದ ಒಳಗುಟ್ಟು ಏನೆಂದು ನನಗೆ ಥಟ್ಟನೆ ಹೊಳೆಯಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಿಲ್ದಾಣ ಬಂತು. ಮೈದಾನದ ಗೇಟಿನಲ್ಲಿ ಟಿಕೆಟ್ಟಿರುವ ಫೋನು ಒತ್ತಿದರೆ ಕೆಂಪು ದೀಪ, ಒರೆಸಿ ಒತ್ತಿದರೆ ಮತ್ತೆ ಕೆಂಪು. ಮೂರನೇ ಸಲಕ್ಕೆ ಹಸಿರು ಬರುವ ಹೊತ್ತಿಗೆ ಹೊಳೆದದ್ದು ಮರೆತೇಹೋಗಿತ್ತು.

ನನ್ನ ಪಕ್ಕದ ಸೀಟು ಖಾಲಿ. ಆಟ ಶುರುವಾಗಿ ಕಾಲು ಗಂಟೆಯಾದರೂ ಆಸಾಮಿಯ ಪತ್ತೆಯಿಲ್ಲ. ಎಂಥ ಬೇಜವಾಬ್ದಾರಿ ಜನ, ಇಂಥವರದ್ದು ಮೊದಲು ರದ್ದು ಮಾಡಬೇಕು ಎಂದು ಗೊಣಗುತ್ತಾ ನನ್ನ ಕೋಟು ಬಿಚ್ಚಿ ಅದರ ಮೇಲಿಟ್ಟೆ.